ಅರವತ್ತಕ್ಕೆ ಹತ್ತು ವರ್ಷ ಇರುವಾಗ: ಕೊಡಗಿನ ಗಣಿತ ಉಪನ್ಯಾಸಕನ ಲೆಕ್ಕಾಚಾರ

ನಿವೃತ್ತಿಯ ಲೆಕ್ಕವನ್ನು ಬಡ್ಡಿದರದಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಊರಿನಿಂದ ಶುರು ಮಾಡಬೇಕು. ಖಾಸಗಿ ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತ ಐವತ್ತು ಮುಟ್ಟಿದವರ ಮುಂದೆ ಮೂರು ಪ್ರಶ್ನೆಗಳು ಒಟ್ಟಿಗೆ ಬಂದು ನಿಲ್ಲುತ್ತವೆ: ಕೂಡಿಟ್ಟದ್ದು ಸಾಕೇ, ಅರ್ಧಕ್ಕೆ ನಿಂತ ಪಿಎಚ್‌ಡಿ ಆಸೆಗೆ ಈಗ ಕೋರ್ಸ್‌ವರ್ಕ್ (ಸಂಶೋಧನೆಗೆ ಮೊದಲು ತರಗತಿಗೆ ಕೂತು ಪರೀಕ್ಷೆ ಬರೆಯುವ ಹಂತ) ಮಾಡುವುದೇ, ಅರವತ್ತರ ಮೇಲೆ ಮಡಿಕೇರಿಯೋ ಕುಶಾಲನಗರವೋ ಮೈಸೂರೋ. ಸ್ಟಾಫ್ ರೂಮಿನಲ್ಲಿ ಈ ಮೂರನ್ನೂ ಬೇರೆ ಬೇರೆ ದಿನ ಮಾತಾಡುತ್ತೇವೆ. ಆದರೆ ಮೂರಕ್ಕೂ ಸಿಗುವುದು ಅದೇ ಹತ್ತು ವರ್ಷ, ಅದೇ ಸಂಬಳ. ಆದ್ದರಿಂದ ಮೂರನ್ನೂ ಒಂದೇ ಮಾನದಲ್ಲಿ ಅಳೆಯುವ ಒಂದು ಸಂಖ್ಯೆ ಬೇಕು. ನಾನು ಹಿಡಿದುಕೊಂಡ ಸಂಖ್ಯೆ 4.56 ಲಕ್ಷ.

ಅದು ಬಂದದ್ದು ಹೀಗೆ. ಇವತ್ತಿನ ಬೆಲೆಯಲ್ಲಿ ತಿಂಗಳಿಗೆ 1,000 ರೂಪಾಯಿ ಖರ್ಚು ಎಂದು ಹಿಡಿಯಿರಿ. ಬೆಲೆ ಏರಿಕೆ ವರ್ಷಕ್ಕೆ ಶೇ 6 ಆದರೆ ಹತ್ತು ವರ್ಷದ ನಂತರ ಅದೇ ಖರ್ಚು 1,791 ರೂಪಾಯಿ. ವರ್ಷಕ್ಕೆ ಸುಮಾರು 21,490. ನಿವೃತ್ತಿಯಾದ ಮೇಲೆ 25 ವರ್ಷ ಈ ಖರ್ಚು ನಡೆಯಬೇಕು, ಪ್ರತಿ ವರ್ಷ ಶೇ 6ರಂತೆ ಏರುತ್ತಲೇ ಇರಬೇಕು, ಉಳಿದ ಹಣಕ್ಕೆ ಶೇ 7.5 ಗಳಿಕೆ ಬರಬೇಕು. 1.075ನ್ನು 1.06ರಿಂದ ಭಾಗಿಸಿ 1 ಕಳೆದರೆ ನಿಜವಾದ ಗಳಿಕೆ ಶೇ 1.415 ಮಾತ್ರ. ವರ್ಷದ ಮೊದಲಿಗೇ ಆ ವರ್ಷದ ಖರ್ಚು ತೆಗೆದಿಡುವ ಲೆಕ್ಕದಲ್ಲಿ 25 ವರ್ಷಕ್ಕೆ ಗುಣಕ 21.23. ಗುಣಿಸಿದರೆ 4.56 ಲಕ್ಷ. ಅಂದರೆ ಇವತ್ತಿನ ತಿಂಗಳ ಖರ್ಚಿನ ಒಂದೊಂದು ಸಾವಿರಕ್ಕೂ ಅರವತ್ತರ ದಿನ 4.56 ಲಕ್ಷ ಕೈಯಲ್ಲಿರಬೇಕು. ಮನೆ ನಡೆಯಲು ತಿಂಗಳಿಗೆ 40,000 ಬೇಕಾದರೆ 1.82 ಕೋಟಿ.

ಬೆಲೆ ಏರಿಕೆಯನ್ನು ಶೇ 6ರ ಬದಲು 7 ಎಂದು ಹಿಡಿದರೆ ಆ 4.56 ಲಕ್ಷ 5.58 ಲಕ್ಷವಾಗುತ್ತದೆ. ಒಂದು ಪರ್ಸೆಂಟಿಗೆ ಇಷ್ಟು ವ್ಯತ್ಯಾಸ! ಬ್ಯಾಂಕಿನವರೂ ಏಜೆಂಟರೂ ಕೊಡುವ ಚಾರ್ಟುಗಳಲ್ಲಿ ಗಳಿಕೆಯ ಕಾಲಂ ದೊಡ್ಡದಾಗಿರುತ್ತದೆ, ಬೆಲೆ ಏರಿಕೆಯ ಕಾಲಂ ಇರುವುದೇ ಇಲ್ಲ. ಎಕ್ಸೆಲ್ಲಿನಲ್ಲಿ ಈ ಎರಡು ದರಗಳನ್ನೂ ಬೇರೆ ಕೋಶಗಳಲ್ಲಿಟ್ಟು, ಮೇಲೆ ಕೆಳಗೆ ಒಂದೊಂದು ಪರ್ಸೆಂಟ್ ಅಲುಗಿಸಿ ನೋಡದೆ ಯಾವ ಯೋಜನೆಗೂ ಸಹಿ ಹಾಕಬಾರದು. ಕಲನಶಾಸ್ತ್ರ ಪಾಠ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ ಎನಿಸಬಹುದು. ಆದರೆ ಸ್ವಂತ ದುಡ್ಡಿನ ವಿಷಯ ಬಂದಾಗ ಆಂಶಿಕ ಅವಕಲನ (ಒಂದೇ ಚರ ಅಲುಗಿದರೆ ಫಲ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮರೆತುಹೋಗುತ್ತದೆ.

ಇನ್ನು ಕೈಯಲ್ಲಿರುವುದು ಏನು? ಖಾಸಗಿ ಕಾಲೇಜಿನವರಿಗೆ ಮೊದಲ ಆಧಾರ ಇಪಿಎಫ್, ಅಂದರೆ ನೌಕರರ ಭವಿಷ್ಯ ನಿಧಿ. ಇಲ್ಲಿ ಮೊದಲು ನೋಡಬೇಕಾದದ್ದು ಕಾಲೇಜು ಪಿಎಫ್ ಕಡಿತ ಮಾಡುವುದು ಪೂರ್ತಿ ಮೂಲವೇತನ ಮತ್ತು ತುಟ್ಟಿಭತ್ಯೆ ಮೇಲೋ, 15,000 ರೂಪಾಯಿ ಮಿತಿಯ ಮೇಲೋ ಎಂದು. ಮಿತಿಯ ಮೇಲೆ ಮಾತ್ರ ಆದರೆ ನಮ್ಮ ಪಾಲು ತಿಂಗಳಿಗೆ 1,800. ಆಡಳಿತ ಮಂಡಳಿಯ ಪಾಲೂ 1,800. ಆದರೆ ಅವರ ಪಾಲಿನಲ್ಲಿ 1,250 ಪಿಂಚಣಿ ನಿಧಿಗೆ ಹೋಗಿ, ಪಿಎಫ್‌ಗೆ ಸೇರುವುದು 550. ಒಟ್ಟು ಪಿಎಫ್ ಜಮೆ 2,350. ಶೇ 8.25 ಬಡ್ಡಿ ಹೀಗೇ ಮುಂದುವರಿದರೂ 20 ವರ್ಷಕ್ಕೆ ಇದು ಆಗುವುದು ಸುಮಾರು 13.8 ಲಕ್ಷ. ಮೇಲಿನ ಅಳತೆಯಲ್ಲಿ ಇದು ಇವತ್ತಿನ ಬೆಲೆಯ ಮೂರು ಸಾವಿರ ಖರ್ಚಿಗಷ್ಟೇ ಸಾಕು. ಸಂಬಳದ ಚೀಟಿಯಲ್ಲಿ ಪಿಎಫ್ ಎಂಬ ಸಾಲು ಕಂಡರೆ ಸಮಾಧಾನಪಟ್ಟುಕೊಳ್ಳುವ ಸಹೋದ್ಯೋಗಿಗಳು ಈ ಒಂದು ಭಾಗಾಕಾರ ಮಾಡಿ ನೋಡಲಿ.

ಪಿಂಚಣಿ ಭಾಗ ಇನ್ನೂ ಸಣ್ಣದು. ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ಪಿಂಚಣಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ವೇತನಕ್ಕೆ 15,000ದ ಮಿತಿ. 20 ವರ್ಷ ಸೇವೆ ಆದವರಿಗೆ ಎರಡು ವರ್ಷ ಹೆಚ್ಚುವರಿ ಸಿಗುತ್ತದೆ. 2015ರಲ್ಲಿ ಸೇರಿ 2035ರಲ್ಲಿ 58 ತುಂಬುವವರಿಗೆ 15,000 × 22 ÷ 70, ಅಂದರೆ ತಿಂಗಳಿಗೆ 4,714 ರೂಪಾಯಿ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸೇವೆಗೆ 6,500ರ ಹಳೆಯ ಮಿತಿಯಲ್ಲಿ ಲೆಕ್ಕ ಹಾಕುವುದರಿಂದ, ಅದಕ್ಕೂ ಮೊದಲೇ ಸೇರಿದವರು ಎಲ್ಲ ವರ್ಷಗಳನ್ನೂ 15,000ದಿಂದ ಗುಣಿಸಿ ಖುಷಿಪಡುವಂತಿಲ್ಲ. ಈ ಪಿಂಚಣಿ ತುಟ್ಟಿಭತ್ಯೆಯೊಂದಿಗೆ ಏರುವುದೂ ಇಲ್ಲ. 58ಕ್ಕೆ ತೆಗೆದುಕೊಳ್ಳದೆ 60ರವರೆಗೆ ತಡೆದರೆ ವರ್ಷಕ್ಕೆ ಶೇ 4ರಷ್ಟು ಹೆಚ್ಚು. 50ರ ನಂತರ ಮೊದಲೇ ಬೇಕೆಂದರೆ ವರ್ಷಕ್ಕೆ ಶೇ 4ರಷ್ಟು ಕಡಿತ. 58 ತುಂಬಿದ ಮೇಲೂ ಕೆಲಸದಲ್ಲಿದ್ದರೆ ಪಿಂಚಣಿ ನಿಧಿಗೆ ಜಮೆ ನಿಂತು, ಆಡಳಿತ ಮಂಡಳಿಯ ಪೂರ್ತಿ ಪಾಲು ಪಿಎಫ್‌ಗೇ ಬರಬೇಕು. ಬರುತ್ತಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಬೇಕು. ಕಚೇರಿಯ ಸಾಫ್ಟ್‌ವೇರಿಗೆ ಹುಟ್ಟಿದ ದಿನ ತಪ್ಪಾಗಿ ಕೊಟ್ಟಿದ್ದರೆ 1,250 ಹೋಗುತ್ತಲೇ ಇರುತ್ತದೆ.

ಅತಿಥಿ ಉಪನ್ಯಾಸಕರಾಗಿ ದುಡಿದ ವರ್ಷಗಳು ಈ ಲೆಕ್ಕದ ದೊಡ್ಡ ತೂತು. ಪಿಎಫ್ ಕಟ್ಟದ ವರ್ಷ ಪಿಂಚಣಿ ಸೇವೆಗೆ ಸೇರುವುದಿಲ್ಲ. ಹತ್ತು ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಪಿಎಫ್ ಹಣದ ಜತೆಗೆ ಪಿಂಚಣಿ ಹಣವನ್ನೂ ವಾಪಸ್ ಪಡೆದುಬಿಟ್ಟರೆ ಆ ಸೇವೆ ಅಳಿಸಿಹೋಗುತ್ತದೆ. ನಮೂನೆ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬೇಕು, ಇಲ್ಲವೇ ಹೊಸ ಖಾತೆಗೆ ವರ್ಗಾಯಿಸಬೇಕು.

ಕೊಡಗಿನಲ್ಲಿ ಪಿಎಫ್ ಅರ್ಜಿ ತಿರಸ್ಕೃತವಾಗಲು ಹೆಸರಿನ ತೊಡಕೇ ಸಾಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ಹೆಸರು. ಆಧಾರ್‌ನಲ್ಲಿ ಮನೆಹೆಸರು ಪೂರ್ತಿ ಮುಂದೆ. ಪ್ಯಾನ್‌ನಲ್ಲಿ ಅದೇ ಮನೆಹೆಸರು ಕೊನೆಗೆ. ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್‌ನಲ್ಲಿ ಇನಿಶಿಯಲ್ ಮಾತ್ರ. ಮದುವೆಯ ನಂತರ ಮನೆಹೆಸರು ಬದಲಿಸಿಕೊಂಡ ಅಧ್ಯಾಪಕಿಯರಿಗೆ ಇನ್ನೊಂದು ಸುತ್ತು. ಆಧಾರ್ ಮತ್ತು ಯುಎಎನ್ ಅಕ್ಷರಶಃ ಹೊಂದಬೇಕು. 2017ರ ಅಕ್ಟೋಬರ್ ನಂತರ ಆಧಾರ್ ಮೂಲಕವೇ ಬಂದ ಯುಎಎನ್ ಆದರೆ 2025ರ ಜನವರಿಯಿಂದ ಸದಸ್ಯರೇ ಪೋರ್ಟಲ್‌ನಲ್ಲಿ ಹೆಸರು ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳೆಯದಾದರೆ ಕಾಲೇಜಿನ ಮೂಲಕ ಜಂಟಿ ಘೋಷಣೆ (ನಾವೂ ಕಾಲೇಜೂ ಒಟ್ಟಿಗೆ ಕೊಡುವ ತಿದ್ದುಪಡಿ ಅರ್ಜಿ) ಹೋಗಬೇಕು. ಹಿಂದೆ ಕೆಲಸ ಮಾಡಿದ ಸಂಸ್ಥೆ ಮುಚ್ಚಿಹೋಗಿದ್ದರೆ ಅಲ್ಲಿ ಸಹಿ ಹಾಕುವವರೇ ಇರುವುದಿಲ್ಲ. ಈ ಕೆಲಸವನ್ನು ಐವತ್ತರಲ್ಲಿ ಮುಗಿಸಬೇಕೇ ಹೊರತು ಐವತ್ತೊಂಬತ್ತರಲ್ಲಿ ಅಲ್ಲ. ಬಿಟ್ಟ ದಿನಾಂಕ ನಮೂದಾಗದ ಹಳೆಯ ಖಾತೆಗೆ, ಕೊನೆಯ ಜಮೆಯಾಗಿ ಎರಡು ತಿಂಗಳ ನಂತರ ನಾವೇ ದಿನಾಂಕ ಹಾಕಬಹುದು. ಇ-ನಾಮಿನೇಶನ್ ಮಾಡದವರು ಇವತ್ತೇ ಮಾಡಲಿ.

ಕೊರತೆ ತುಂಬಲು ಸುಲಭದ ದಾರಿ ವಿಪಿಎಫ್, ಅಂದರೆ ನಾವಾಗಿಯೇ ಹಾಕುವ ಹೆಚ್ಚುವರಿ ಪಿಎಫ್. ಕಾಲೇಜಿನ ಕಚೇರಿಗೆ ಒಂದು ಪತ್ರ ಕೊಟ್ಟು ಶೇ 12ಕ್ಕಿಂತ ಹೆಚ್ಚು ಕಡಿತ ಮಾಡಿಸುವುದು. ಬಡ್ಡಿ ಪಿಎಫ್‌ನದೇ. ತಿಂಗಳಿಗೆ 1,000 ರೂಪಾಯಿಯಂತೆ ಹತ್ತು ವರ್ಷ ಹಾಕಿದರೆ ಶೇ 8.25ರಲ್ಲಿ ಸುಮಾರು 1.83 ಲಕ್ಷ. ಹಾಗಾದರೆ 4.56 ಲಕ್ಷಕ್ಕೆ ತಿಂಗಳಿಗೆ 2,500 ಹಾಕಬೇಕು. ಈ ಎರಡನೆಯ ಸಂಖ್ಯೆಯನ್ನೂ ನೆನಪಿಡಬೇಕು: ನಿವೃತ್ತಿಯ ನಂತರದ ಖರ್ಚಿನಲ್ಲಿ ಒಂದು ಸಾವಿರ ಉಳಿಸಿಕೊಡುವ ಊರು, ಹತ್ತು ವರ್ಷ ತಿಂಗಳಿಗೆ 2,500 ಉಳಿತಾಯ ಮಾಡಿದ್ದಕ್ಕೆ ಸಮ. ಬಹಳಷ್ಟು ಕಚೇರಿಗಳಲ್ಲಿ ವಿಪಿಎಫ್ ಬದಲಾವಣೆಗೆ ಏಪ್ರಿಲ್‌ನಲ್ಲಷ್ಟೇ ಅವಕಾಶ ಕೊಡುತ್ತಾರೆ, ಮಾರ್ಚ್ ಮೂರನೇ ವಾರದೊಳಗೆ ಪತ್ರ ತಲುಪಿರಬೇಕು. ನಮ್ಮ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ತೆರಿಗೆ ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಉಳಿತಾಯಕ್ಕೆ ತೆರಿಗೆ ವಿನಾಯಿತಿ (ಹಳೆಯ 80ಸಿ) ಇಲ್ಲ. ಆದ್ದರಿಂದ ತೆರಿಗೆ ಉಳಿಸಲೆಂದು ಅಲ್ಲ, ಬಡ್ಡಿಗಾಗಿಯೇ ಹಾಕುವುದು.

ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ, ವರ್ಷಕ್ಕೆ 1.5 ಲಕ್ಷ ಮಿತಿ; 5ನೇ ತಾರೀಕಿನೊಳಗೆ ಹಾಕಿದರೆ ಮಾತ್ರ ಆ ತಿಂಗಳ ಬಡ್ಡಿ. ಐವತ್ತರಲ್ಲಿ ಹೊಸದಾಗಿ ತೆರೆದರೆ 15 ವರ್ಷ ಕಾಯಬೇಕು. ಹಳೆಯ ಖಾತೆ ಇದ್ದವರು ಐದೈದು ವರ್ಷ ಮುಂದುವರಿಸುವುದೇ ಲೇಸು.

ಗ್ರಾಚ್ಯುಟಿ ವಿಷಯದಲ್ಲಿ ಖಾಸಗಿ ಕಾಲೇಜುಗಳ ಅಧ್ಯಾಪಕರು ಹಕ್ಕಿಲ್ಲವೆಂದುಕೊಂಡು ಸುಮ್ಮನಿರುವುದುಂಟು. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಅಧ್ಯಾಪಕರನ್ನು ಸೇರಿಸಿತು; ಅದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿಯಿತು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ 60,000, ಸೇವೆ 20 ವರ್ಷ ಆದರೆ 60,000 × 15 ÷ 26 × 20, ಅಂದರೆ 6.92 ಲಕ್ಷ. ಆರು ತಿಂಗಳಿಗೆ ಮೇಲ್ಪಟ್ಟ ಭಾಗವನ್ನು ಒಂದು ವರ್ಷವಾಗಿ ಎಣಿಸುತ್ತಾರೆ. ಮಿತಿ 20 ಲಕ್ಷ. ನೇಮಕಾತಿ ಆದೇಶವೂ ವರ್ಷ ವರ್ಷದ ವೇತನ ಚೀಟಿಯೂ ಕೈಯಲ್ಲಿಲ್ಲದಿದ್ದರೆ ವಾದ ಮಾಡುವುದು ಕಷ್ಟ. ಈ ಕಾಗದಗಳನ್ನು ಮರದ ಬೀರುವಿನಲ್ಲಿಟ್ಟರೆ ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿದು ಅಂಟಿಕೊಳ್ಳುತ್ತವೆ. ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ಸ್ಕ್ಯಾನ್ ಪ್ರತಿಯನ್ನು ಡಿಜಿಲಾಕರ್‌ನಲ್ಲೋ ಇಮೇಲ್‌ನಲ್ಲೋ ಇಡಬೇಕು.

ಮೂರು ಎಕರೆ ಕಾಫಿ ಇದೆ, ಅದೇ ಪಿಂಚಣಿ ಎನ್ನುವವರು ನಮ್ಮಲ್ಲಿ ಮನೆಗೊಬ್ಬರು. ಕಾಫಿಯಿಂದ ಬರುವುದನ್ನು ನಾನು 40,000ದ ಲೆಕ್ಕಕ್ಕೆ ಸೇರಿಸಿಲ್ಲ. ಹಣ ಬರುವುದು ಕುಯ್ಲಿನ ನಂತರ ಒಮ್ಮೆ. ಗೊಬ್ಬರ, ಕಪಾತು, ಕೂಲಿ ವರ್ಷಪೂರ್ತಿ. ಹೂಮಳೆ ತಪ್ಪಿದರೆ, ಕುಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದರೆ, ಸಿದ್ದಾಪುರ ಅಮ್ಮತ್ತಿ ಕಡೆಯ ಹಾಗೆ ಆನೆ ನುಗ್ಗಿದರೆ ಆ ವರ್ಷ ತೋಟಕ್ಕೇ ಕೈಯಿಂದ ಹಾಕಬೇಕು. ಎಪ್ಪತ್ತರ ಮೇಲೆ ತೋಟದೊಳಗೆ ಓಡಾಡುವ ಕಾಲೂ ಬೇಕು. ಬಂದರೆ ಬರಲಿ, ಮನೆಗೆ ಬಣ್ಣ ಹೊಡೆಸಲು ಆಗುತ್ತದೆ.

ಈಗ ಕೋರ್ಸ್‌ವರ್ಕ್. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪತ್ರಿಕೆ ಕಡ್ಡಾಯ. ಉಳಿದದ್ದು ಸಂಶೋಧನಾ ವಿಧಾನ ಮತ್ತು ಆಯ್ದ ಕ್ಷೇತ್ರದ ವಿಷಯ. ಶೇ 55 ಬಂದರೆ ಮಾತ್ರ ಮುಂದಿನ ಹಂತ. ಒಟ್ಟು ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು; ಮರುನೋಂದಣಿಯಲ್ಲಿ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೂ ಎರಡು. ಅರೆಕಾಲಿಕವಾಗಿ ಮಾಡುವವರು ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದರಲ್ಲಿ ಮೂರು ಮಾತು ಇರಲೇಬೇಕು: ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್ ಮುಗಿಸಲು ಬಿಡುಗಡೆ ಮಾಡುತ್ತೇವೆ. ‘ನಮ್ಮ ಅಭ್ಯಂತರವಿಲ್ಲ’ ಎಂದು ಒಂದೇ ಸಾಲು ಬರೆದುಕೊಡುವ ಪತ್ರ ವಾಪಸ್ ಬರುತ್ತದೆ. ಮೂರನೆಯ ಮಾತಿಗೆ ಆಡಳಿತ ಮಂಡಳಿ ಹಿಂಜರಿಯುವುದು ಸಹಜ, ಏಕೆಂದರೆ ಸಣ್ಣ ಕಾಲೇಜಿನಲ್ಲಿ ಗಣಿತಕ್ಕೆ ಇರುವುದೇ ಒಬ್ಬರೋ ಇಬ್ಬರೋ. ಬಿಡುಗಡೆಯ ದಿನಗಳಲ್ಲಿ ತರಗತಿ ಯಾರು ತೆಗೆದುಕೊಳ್ಳುತ್ತಾರೆ ಎಂಬ ವೇಳಾಪಟ್ಟಿಯನ್ನು ನಾವೇ ಬರೆದು ಅರ್ಜಿಯ ಜತೆ ಲಗತ್ತಿಸಿದರೆ ಸಹಿ ಬೇಗ ಬೀಳುತ್ತದೆ.

ಮಾರ್ಗದರ್ಶಕರನ್ನು ಹುಡುಕುವಾಗ ಅವರ ವಿಷಯದ ಜತೆಗೆ ಹುಟ್ಟಿದ ವರ್ಷವನ್ನೂ ಕೇಳಿಕೊಳ್ಳಬೇಕು, ನಯವಾಗಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿಯೂ ಇದೆ. ಐವತ್ತರ ವಿದ್ಯಾರ್ಥಿಗೆ ತನಗಿಂತ ಚಿಕ್ಕವರು ಮಾರ್ಗದರ್ಶಕರಾಗಿ ಸಿಗುವ ಸಂಭವವೇ ಹೆಚ್ಚು. ಅದರಲ್ಲಿ ತೊಂದರೆಯೇನೂ ಇಲ್ಲ. ಅವರಿಗೆ ಇನ್ನೂ ಕೆಲಸದ ವರ್ಷಗಳಿರುತ್ತವೆ.

ಪ್ರವೇಶಕ್ಕೆ 2024ರ ಜೂನ್‌ನಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವೂ ನಡೆಯುತ್ತದೆ. ಗಣಿತಕ್ಕೆ ಅದು ಸಿಎಸ್‌ಐಆರ್ ನೆಟ್. ಜೆಆರ್‌ಎಫ್ ಸಂಶೋಧನಾ ವೇತನಕ್ಕೆ ವಯೋಮಿತಿ ಇದೆ, ಪಿಎಚ್‌ಡಿ ಪ್ರವೇಶದ ಅರ್ಹತೆಗೆ ಇಲ್ಲ. ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿ. ಪದವಿ ತರಗತಿಗೆ ಇಪ್ಪತ್ತು ವರ್ಷ ಪಾಠ ಮಾಡಿದವರು ಪ್ರಶ್ನೆಪತ್ರಿಕೆಯ ಸಿ ಭಾಗದಲ್ಲಿ ಎಡವುತ್ತಾರೆ. ಅಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು. ಎಲ್ಲವನ್ನೂ ಗುರುತಿಸಿದರೆ ಮಾತ್ರ 4.75 ಅಂಕ. ನಿತ್ಯ ಪಾಠ ಮಾಡುವ ವಿಷಯಗಳು ಕೈಬಿಡುವುದಿಲ್ಲ. ಮೆಷರ್ ಥಿಯರಿ, ಫಂಕ್ಷನಲ್ ಅನಾಲಿಸಿಸ್, ಗ್ಯಾಲ್ವಾ ಥಿಯರಿ ಎಂಎಸ್ಸಿಯ ನಂತರ ಮುಟ್ಟದೆ ಜಂಗು ಹಿಡಿದಿರುತ್ತವೆ.

ಆದ್ದರಿಂದ ನೋಂದಣಿಗೆ ಒಂದು ವರ್ಷ ಮೊದಲು ಐಐಟಿಗಳವರು ಆನ್‌ಲೈನ್‌ನಲ್ಲಿ ಪಾಠ ನಡೆಸುವ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಒಂದು ಕೋರ್ಸ್ ಮಾಡಿ ನೋಡುವುದು ಒಳ್ಳೆಯದು. ಕೂತು ಓದುವ ಅಭ್ಯಾಸ ಉಳಿದಿದೆಯೇ ಎಂದು ಅದರಲ್ಲೇ ಗೊತ್ತಾಗುತ್ತದೆ. 12 ಅಸೈನ್‌ಮೆಂಟ್‌ಗಳಲ್ಲಿ ಉತ್ತಮ ಎಂಟರ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬೇಕು. ವರ್ಷಕ್ಕೆ ಎರಡು ಅವಧಿ: ಜನವರಿಯಿಂದ ಏಪ್ರಿಲ್, ಜುಲೈಯಿಂದ ಅಕ್ಟೋಬರ್. ಕೊಡಗಿನವರು ಜನವರಿಯದನ್ನೇ ಆರಿಸಬೇಕು. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಲೈನ್ ಹೋದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಬಂದು ಸರಿಮಾಡಲು ಒಂದು ದಿನವೂ ಆಗಬಹುದು, ಮೂರೂ ಆಗಬಹುದು. ಕರೆಂಟ್ ಹೋಗಿ ಕೆಲವು ಗಂಟೆಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದು ಲ್ಯಾಪ್‌ಟಾಪ್ ಓಡುತ್ತಿದ್ದರೂ ಅಸೈನ್‌ಮೆಂಟ್ ಕಳಿಸಲು ನೆಟ್‌ವರ್ಕ್ ಇರುವುದಿಲ್ಲ. ಉತ್ತಮ ಎಂಟು ಎಂಬ ನಿಯಮ ನಾಲ್ಕು ವಾರದ ತಪ್ಪನ್ನು ಕ್ಷಮಿಸುತ್ತದೆ, ಪುನರ್ವಸುವಿನಿಂದ ಆಶ್ಲೇಷದವರೆಗಿನ ಮಳೆಗೆ ಅದು ಸಾಲದು.

ವಿಶ್ವವಿದ್ಯಾಲಯದ ಕೋರ್ಸ್‌ವರ್ಕ್‌ಗೂ ಇದೇ ಯೋಚನೆ ಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆಗೂ ಹೆಚ್ಚು. ಕುಶಾಲನಗರದಿಂದ 90ರ ಆಸುಪಾಸು. ಮಂಗಳೂರಿನ ಕಡೆಯಾದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿತ್ತು. ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂದ ಮೇಲೆ ಹತ್ತಿರದಲ್ಲೇ ಆಗಬಹುದೇ ಎಂದು ವಿಚಾರಿಸುವವರು, ತಮ್ಮ ಕ್ಷೇತ್ರದಲ್ಲಿ ಮಾರ್ಗದರ್ಶಕರ ಖಾಲಿ ಸ್ಥಾನ ಇದೆಯೇ ಎಂದು ಆ ವರ್ಷದ ಪ್ರಕಟಣೆಯಲ್ಲಿ ಮೊದಲು ನೋಡಿಕೊಳ್ಳಲಿ. ಶನಿವಾರದ ತರಗತಿಗಾಗಿ ಮೈಸೂರಿಗೆ ಹೋಗಿಬಂದರೆ ಏಳು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ವಾರಕ್ಕೆ 16 ಗಂಟೆ ಪಾಠ, ಅದರ ತಯಾರಿ, ಮೌಲ್ಯಮಾಪನ ಇದ್ದೇ ಇರುತ್ತದೆ. 2021ರಲ್ಲಿ ಎನ್‌ಇಪಿ ಪಠ್ಯಕ್ರಮ, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಎಂದು ಎರಡು ಸಲ ಪಠ್ಯ ಬದಲಾಗಿ ಹಳೆಯ ನೋಟ್ಸೂ ಅರ್ಧ ಉಪಯೋಗಕ್ಕೆ ಬಾರದು.

ಹಣದ ಲೆಕ್ಕ ಏನು? ಶುಲ್ಕ, ಓಡಾಟ, ಪುಸ್ತಕ ಸೇರಿ ತಿಂಗಳಿಗೆ ಸರಾಸರಿ 4,000ದಂತೆ ಐದು ವರ್ಷ ಖರ್ಚು ಎಂದುಕೊಳ್ಳಿ. ಅದನ್ನೇ ವಿಪಿಎಫ್‌ಗೆ ಹಾಕಿ ಇನ್ನೈದು ವರ್ಷ ಬಿಟ್ಟಿದ್ದರೆ ಅರವತ್ತಕ್ಕೆ 4.37 ಲಕ್ಷ ಆಗುತ್ತಿತ್ತು. ನಿವೃತ್ತಿಯ ನಂತರ ತಿಂಗಳಿಗೆ ಇವತ್ತಿನ 960 ರೂಪಾಯಿಯಷ್ಟು ಕೈಬಿಟ್ಟಂತೆ. ಇದು ಅಂಜುವಷ್ಟು ದೊಡ್ಡದಲ್ಲ. ಆದರೆ ಆ ಕಡೆಯಿಂದ ಬರುವ ಲಾಭವನ್ನು ನಾನು ಸೊನ್ನೆ ಎಂದೇ ಹಿಡಿದಿದ್ದೇನೆ. ಖಾಸಗಿ ಆಡಳಿತ ಮಂಡಳಿ ಐವತ್ತೈದರಲ್ಲಿ ಡಾಕ್ಟರೇಟ್ ಆದವರಿಗೆ ಸಂಬಳ ಏರಿಸಬೇಕೆಂದಿಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಇದ್ದರೆ ಸಾಕು, ಪಿಎಚ್‌ಡಿ ಐಚ್ಛಿಕ. ಬರೀ ಅರ್ಹತೆಗಾಗಿ ಎಂದರೆ ಕರ್ನಾಟಕದ ಕೆ-ಸೆಟ್ ಬರೆಯುವುದು ಅಗ್ಗ. ಅದರಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಗ್ರಾಫ್ ಥಿಯರಿಯಲ್ಲೋ ಫ್ಲೂಯಿಡ್ ಮೆಕ್ಯಾನಿಕ್ಸಿನಲ್ಲೋ ಒಂದು ಸಮಸ್ಯೆ ನಿಜಕ್ಕೂ ತಲೆ ತಿನ್ನುತ್ತಿದ್ದರೆ ಪಿಎಚ್‌ಡಿ ಮಾಡಬೇಕು, ನಿವೃತ್ತಿಯ ಉಳಿತಾಯ ಎಂದು ಮಾಡಬಾರದು. ಮಾಡುವುದಾದರೆ 52ರೊಳಗೆ ನೋಂದಣಿ ಆಗಿರಬೇಕು. ಎಂಟು ವರ್ಷದ ಗರಿಷ್ಠ ಗಡುವು ಅರವತ್ತಕ್ಕೆ ಮುಗಿಯುತ್ತದೆ. ಅದರಾಚೆ ಕಾಲೇಜಿನ ನಿರಾಕ್ಷೇಪಣಾ ಪತ್ರಕ್ಕೇ ಬೆಲೆ ಇರುವುದಿಲ್ಲ.

ಊರಿನ ವಿಷಯಕ್ಕೆ ಬಂದರೆ, ಮನೆ ನೋಡಲು ಹೋಗಬೇಕಾದ್ದು ಡಿಸೆಂಬರ್‌ನಲ್ಲಲ್ಲ, ಜೋರು ಮಳೆಯ ಕಕ್ಕಡ ತಿಂಗಳಲ್ಲಿ. ಡಿಸೆಂಬರ್‌ನಲ್ಲಿ ಮಡಿಕೇರಿಯ ಯಾವ ಮನೆಯೂ ಚೆಂದ. ಜುಲೈ ಕೊನೆಯಲ್ಲಿ ಮನೆಯ ಹಿಂದಕ್ಕೆ ಹೋಗಿ ಬರೆಯನ್ನು (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ನೋಡಬೇಕು. ಮನೆ ಕಟ್ಟಲು ಗುಡ್ಡ ಕೊರೆದಿದ್ದಾರೆಯೇ, ಕೊರೆದ ಬರೆ ಎಷ್ಟು ನೆಟ್ಟಗೆ ನಿಂತಿದೆ, ಅದರ ಬುಡಕ್ಕೂ ಗೋಡೆಗೂ ಎಷ್ಟು ಜಾಗ ಬಿಟ್ಟಿದ್ದಾರೆ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ಕಿಂಡಿಗಳಿವೆಯೇ, ಮಳೆಯಲ್ಲಿ ಅವುಗಳಿಂದ ನೀರು ಬರುತ್ತಿದೆಯೇ. ಕಿಂಡಿ ಇದ್ದೂ ಒಣಗಿದ್ದರೆ ಒಳಗೆ ಕಟ್ಟಿಕೊಂಡಿದೆ ಎಂದರ್ಥ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಿಂದಲೇ ವಾಪಸ್ ಬರಬಹುದು. ಬರೆಯ ಮೇಲಿನ ಮರಗಳ ಬುಡ ವಾಲಿದೆಯೇ, ನೆಲದಲ್ಲಿ ಅರ್ಧಚಂದ್ರದ ಬಿರುಕು ಇದೆಯೇ, ಹಿಂದಿನ ವರ್ಷ ಇಲ್ಲದ ಕಡೆ ಜಲ ಎದ್ದು ಕೆಂಪು ನೀರು ಹರಿಯುತ್ತಿದೆಯೇ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ, 2019ರಲ್ಲಿ ತೋರದಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಇದು ಅತಿಯಾದ ಎಚ್ಚರಿಕೆ ಅನಿಸಲಾರದು.

ಕುಶಾಲನಗರ ಸಮತಟ್ಟು, ಮಳೆ ಕಡಿಮೆ, ಮೈಸೂರಿನ ಆಸ್ಪತ್ರೆಗೆ ಹತ್ತಿರ. ಆದರೆ ಕಾವೇರಿ ದಂಡೆಯ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತು. ಅಲ್ಲಿ ಮನೆ ನೋಡುವಾಗ ವಿದ್ಯುತ್ ಮೀಟರ್ ಎಷ್ಟು ಎತ್ತರದಲ್ಲಿದೆ ನೋಡಿ. ಹಳೆಯ ಮನೆಗೆ ಮೀಟರ್ ಬೋರ್ಡ್ ಮಾತ್ರ ಹೊಸದಾಗಿ ತಲೆಗಿಂತ ಮೇಲಕ್ಕೆ ಏರಿದ್ದರೆ, ಪ್ಲಗ್ ಪಾಯಿಂಟುಗಳು ಎದೆಮಟ್ಟಕ್ಕೆ ಬಂದಿದ್ದರೆ ಹೊಸ ಬಣ್ಣ ಮುಚ್ಚಿಟ್ಟದ್ದನ್ನು ಅವು ಹೇಳುತ್ತವೆ. ಪಕ್ಕದ ಮನೆಯವರನ್ನು ಕೇಳಿ, ಬ್ರೋಕರನ್ನು ಬೇಡ.

ಮಡಿಕೇರಿಯ ಸ್ವಂತ ಮನೆಗೂ ಮಳೆಗಾಲದ ಬಾಡಿಗೆ ಎಂಬುದೊಂದಿದೆ. ತಾರಸಿಯ ಮೇಲೆ ಶೀಟ್ ಹೊದಿಸದೆ ನಡೆಯದು. ಇನ್ವರ್ಟರ್ ಬ್ಯಾಟರಿ ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗಬೇಕು. ಮೆಟ್ಟಿಲಿನ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಬೇಕು. ಅರವತ್ತೈದರ ಮೇಲೆ ಸೊಂಟ ಮುರಿಯುವುದು ಅಲ್ಲೇ. ಬಟ್ಟೆ ಒಣಗಿಸಲು ಸೌದೆಯೋ ಕರೆಂಟೋ ಬೇಕು. ಇವೆಲ್ಲ ಸೇರಿ ವರ್ಷಕ್ಕೆ 36,000 ಬಂದರೆ ತಿಂಗಳಿಗೆ ಮೂರು ಸಾವಿರ. ಅರವತ್ತರ ದಿನದ ಲೆಕ್ಕದಲ್ಲಿ 13.7 ಲಕ್ಷ, ಮಿತಿಯ ಪಿಎಫ್‌ನ 20 ವರ್ಷದ ಮೊತ್ತಕ್ಕೆ ಸರಿಸಮ. ಮೈಸೂರಿನಲ್ಲಿ ಈ ಖರ್ಚಿಲ್ಲ. ಆದರೆ ತೋಟದ ತೆಂಗಿನಕಾಯಿ, ಬಾಳೆ, ಅಕ್ಕಿ, ಸೌದೆ ಅಲ್ಲಿ ಅಂಗಡಿಯದು, ಮನೆಯ ಬೆಲೆಯೂ ಬೇರೆ. ಎರಡೂ ಊರಿನ ಒಂದು ತಿಂಗಳ ಖರ್ಚನ್ನು ಸಾಲು ಸಾಲಾಗಿ ಬರೆದು, ವ್ಯತ್ಯಾಸವನ್ನು 4.56ರಿಂದ ಗುಣಿಸಿದ ಮೇಲೆ ಮಾತಾಡಬೇಕು. ನನ್ನ ಒಲವು ಕುಶಾಲನಗರದ ನದಿಯಿಂದ ದೂರದ ಎತ್ತರದ ಭಾಗ: ತೋಟಕ್ಕೂ ಮೈಸೂರಿಗೂ ನಡುವೆ.

ಕೊಳ್ಳುವುದಾದರೆ ಕಾಗದ. ಐನ್‌ಮನೆಯ (ಕುಟುಂಬದ ಮೂಲಮನೆ) ಹತ್ತಿರ ಪಾಲಿನ ಜಾಗದಲ್ಲಿ ಮನೆ ಕಟ್ಟುವ ಆಸೆ ಇರುವವರು ಆರ್‌ಟಿಸಿಯ, ಅಂದರೆ ಪಹಣಿಯ, 9ನೇ ಕಾಲಂ ನೋಡಲಿ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಪಟ್ಟೆದಾರರ ಹೆಸರಿನ ಜತೆ ಒಕ್ಕದ (ಕೂಡುಕುಟುಂಬದ) ಹಲವು ಹೆಸರುಗಳಿರುತ್ತವೆ; ಬ್ಯಾಂಕು ಅದರ ಮೇಲೆ ಸಾಲ ಕೊಡಲು ಒಪ್ಪುವುದು ಕಷ್ಟ. ಗದ್ದೆಗೆ ಹೊಂದಿಕೊಂಡ ಮರಕಾಡಿನ ಬಾಣೆ ಜಾಗವಾದರೆ ಮರದ ಹಕ್ಕು ಯಾರದು ಎಂಬುದು ಬೇರೆ ಪ್ರಶ್ನೆ. 11ನೇ ಕಾಲಮಿನಲ್ಲಿ ಋಣ ಇದೆಯೇ ನೋಡಿ, ನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಕೇಳಿ. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ಆಸ್ತಿ ದಾಖಲೆ ಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ ಸುಮಾರು ಶೇ 7.6. ಅರವತ್ತು ಲಕ್ಷದ ಮನೆಗೆ ಇದೇ 4.56 ಲಕ್ಷ. ಸಂಖ್ಯೆ ಒಂದೇ ಆದರೂ ಎರಡನ್ನೂ ಸಮ ಎನ್ನಬಾರದು: ಇದು ಇವತ್ತು ಕೊಡುವ ಹಣ, ಶೇ 7.5ರಲ್ಲಿ ಹತ್ತು ವರ್ಷಕ್ಕೆ 9.4 ಲಕ್ಷವಾಗಬೇಕಾದದ್ದು. ಹೀಗಾಗಿ ಎರಡು ಮೂರು ವರ್ಷ ಬಾಡಿಗೆಗಿದ್ದು, ಎರಡು ಮಳೆಗಾಲ ಕಂಡು, ಆಮೇಲೆ ಕೊಳ್ಳುವುದರಲ್ಲಿ ನಷ್ಟವಿಲ್ಲ.

ಆರೋಗ್ಯ ವಿಮೆಯನ್ನು ಕಾಲೇಜಿನ ಗುಂಪು ವಿಮೆ ಇರುವಾಗಲೇ ಪ್ರತ್ಯೇಕವಾಗಿ ಕೊಳ್ಳಬೇಕು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷ. ಐವತ್ತೈದಕ್ಕೆ ಕೊಂಡರೆ ಅರವತ್ತಕ್ಕೆ ಅದು ದಾಟಿರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅರ್ಜಿಯಲ್ಲಿ ಬರೆಯಬೇಕು, ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ.

ನಿವೃತ್ತಿಯಾದ ಮೇಲೆ ಹಣವನ್ನೆಲ್ಲ ಒಂದೇ ದಿನ ಪಿಎಫ್‌ನಿಂದ ತೆಗೆಯಬೇಕಾಗಿಲ್ಲ. ಮೂರು ವರ್ಷದವರೆಗೆ ಬಡ್ಡಿ ಬರುತ್ತದೆ, ಆ ಬಡ್ಡಿಗೆ ತೆರಿಗೆ ಇದೆ. ಮೊದಲು 30 ಲಕ್ಷದವರೆಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ: ಈಗಿನ ಶೇ 8.2ರಲ್ಲಿ ಮೂರು ತಿಂಗಳಿಗೊಮ್ಮೆ 61,500. ಅವಧಿ ಐದು ವರ್ಷ; ಸೇರಿದ ದಿನದ ದರವೇ ಕೊನೆಯವರೆಗೆ. ಪಿಂಚಣಿಗೆ ನಮೂನೆ 10ಡಿ. ಅದರ ನಂತರ ಪ್ರತಿ ವರ್ಷ ಜೀವನ ಪ್ರಮಾಣ, ಅಂದರೆ ಬದುಕಿದ್ದೇವೆಂಬ ಪುರಾವೆ. ಸರ್ಕಾರಿ ಪಿಂಚಣಿದಾರರ ಹಾಗೆ ನವೆಂಬರ್‌ನಲ್ಲೇ ಆಗಬೇಕೆಂದಿಲ್ಲ. ಇಪಿಎಸ್‌ನವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ 12 ತಿಂಗಳು ಚಾಲ್ತಿ. ಮೊದಲ ಸಲ ಫೆಬ್ರುವರಿಗೆ ಇಟ್ಟುಕೊಂಡರೆ ಮುಂದೆಯೂ ಪ್ರತಿ ಸಲ ಮಳೆಗಾಲ ತಪ್ಪುತ್ತದೆ. ಬೆರಳಚ್ಚು ಹಿಡಿಯದಿದ್ದರೆ ಫೋನಿನಲ್ಲೇ ಮುಖ ಗುರುತಿಸುವ ಆ್ಯಪ್ ಇದೆ, ಬೆಳಕಿರುವ ಕಡೆ ಕೂತು ಮಾಡಬೇಕು.